ಆರ್‌ಸಿ ಕಾರ್ಡ್ ಸರಿ ಇದೆ, ಆಪ್‌ನಲ್ಲೂ ಸರಿ ತೋರಿಸುತ್ತೆ. ಅಡ್ವಾನ್ಸ್ ಕೊಡಬಹುದಾ?

ಪ್ರಶ್ನೆ: ಸರ್, ನಾನು ದಾವಣಗೆರೆ ಕಡೆಯ ಒಬ್ಬ ಹೈಸ್ಕೂಲ್ ಮೇಷ್ಟ್ರು. ಮೊದಲ ಸಲ ಕಾರು ತಗೊಳ್ತಿದ್ದೇನೆ, ಅದಕ್ಕೆ ಸೊಸೈಟಿಯಲ್ಲಿ ಸಾಲ ಮಾಡಿದ್ದೇನೆ. ಬೆಂಗಳೂರಿನಲ್ಲಿ 2019ರ ಸ್ವಿಫ್ಟ್ ಡೀಸೆಲ್ ಒಂದನ್ನು ನೋಡಿ ಬಂದೆ. ಕೆಎ-05 ನಂಬರ್. ಬೇರೆ ಕಡೆ ಆರು ಲಕ್ಷ ಹೇಳುವ ಗಾಡಿಗೆ ಇವರು 4 ಲಕ್ಷ 80 ಸಾವಿರ ಹೇಳುತ್ತಿದ್ದಾರೆ. ಮಾರುತ್ತಿರುವವರು ಬ್ರೋಕರ್. ಓನರ್ ದುಬೈಗೆ ಹೋಗಿದ್ದಾರೆ, ಹೋಗುವಾಗ ಹೆಸರು ಬದಲಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿಟ್ಟಿದ್ದಾರೆ ಅಂತಾರೆ. ಆರ್‌ಸಿ ಸ್ಮಾರ್ಟ್ ಕಾರ್ಡ್ ನೋಡಿದೆ. ಎಂಪರಿವಾಹನ್ ಆಪ್‌ನಲ್ಲಿ ನಂಬರ್ ಹಾಕಿದೆ. ಎರಡೂ ತಾಳೆ ಆಗುತ್ತವೆ. 25 ಸಾವಿರ ಅಡ್ವಾನ್ಸ್ ಇವತ್ತೇ ಹಾಕಿ, ಇಲ್ಲದಿದ್ದರೆ ಗಾಡಿ ಹೋಗುತ್ತೆ ಅಂತಿದ್ದಾರೆ. ನಕಲಿ ಆರ್‌ಸಿಯನ್ನು ಗುರುತಿಸೋದು ಹೇಗೆ?

ಉತ್ತರ: ಮೇಷ್ಟ್ರೇ, ಆ 25 ಸಾವಿರ ಇವತ್ತು ಹಾಕಬೇಡಿ. ನಾಳೆಯೂ ಬೇಡ. ಓನರ್ ಯಾರು ಅಂತ ನಿಮಗೆ ಗೊತ್ತಾಗುವ ತನಕ ಒಂದು ರೂಪಾಯಿಯೂ ಬೇಡ. ಗಾಡಿ ಹೋದರೆ ಹೋಗಲಿ, 2019ರ ಸ್ವಿಫ್ಟ್ ಇನ್ನೊಂದು ಸಿಗುತ್ತೆ. ಸೊಸೈಟಿ ಸಾಲದ ಕಂತು ಮಾತ್ರ ಗಾಡಿ ಇದ್ದರೂ ಇಲ್ಲದಿದ್ದರೂ ಪ್ರತಿ ತಿಂಗಳು ನಿಮ್ಮ ಸಂಬಳದಲ್ಲಿ ಕಟ್ ಆಗುತ್ತೆ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಬೇರೆಯವರು ಕೊಳ್ಳುವ ಹಳೇ ಗಾಡಿಗಳ ಕಾಗದ ನೋಡಿಕೊಡುವುದು ಇಪ್ಪತ್ತು ವರ್ಷದಿಂದ ನನ್ನ ಕೆಲಸ. ಆರ್‌ಸಿ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ ಅಸಲಿ, ನಕಲಿ ಅಂತ ನಾನು ಹೇಳೋದಿಲ್ಲ. ಹೇಳುವುದಕ್ಕೆ ಆಗೋದೂ ಇಲ್ಲ. ಪ್ಲಾಸ್ಟಿಕ್ ಕಾರ್ಡ್ ಪ್ರಿಂಟ್ ಮಾಡುವ ಮೆಷಿನ್ ಈಗ ಎಲ್ಲ ಊರಲ್ಲೂ ಇದೆ. ಕಾರ್ಡ್ ಅನ್ನೋದು ಒಂದು ಪ್ರತಿ ಅಷ್ಟೇ. ಗಾಡಿ ಯಾರದು ಅನ್ನೋದು ಇರೋದು ಆರ್‌ಟಿಓ ರಿಜಿಸ್ಟರ್‌ನಲ್ಲಿ. ಹೊಲ ಕೊಳ್ಳುವಾಗ ನಾವು ಏನು ಮಾಡ್ತೀವಿ? ಪಹಣಿ ತೆಗೆಸ್ತೀವಿ, ಮ್ಯುಟೇಷನ್ ನೋಡ್ತೀವಿ, ಇ.ಸಿ. ತೆಗೆಸ್ತೀವಿ, ಹದ್ದುಬಸ್ತು ನೋಡ್ತೀವಿ. ಮಾರುವವನ ಟ್ರಂಕ್‌ನಲ್ಲಿರುವ ಜೆರಾಕ್ಸ್ ನಂಬಿ ದುಡ್ಡು ಕೊಡೋದಿಲ್ಲ ಅಲ್ವಾ? ಕಾರಿಗೂ ಅಷ್ಟೇ ಶ್ರಮ ಹಾಕಬೇಕು.

ಹಾಗಾದರೆ ಆಪ್ ಸರಿ ತೋರಿಸಿತಲ್ಲ ಅಂತ ಕೇಳ್ತೀರಿ. ಜನ ಮೋಸ ಹೋಗೋದು ಇಲ್ಲೇ. ನೀವು ಆಪ್‌ಗೆ ಕೊಟ್ಟದ್ದು ನಂಬರ್ ಪ್ಲೇಟಿನ ನಂಬರ್. ಆ ನಂಬರಿನ ಸ್ವಿಫ್ಟ್ ನಿಜವಾಗಿಯೂ ಇದೆ, ಅದರ ಓನರ್ ನಿಜವಾಗಿಯೂ ಇದ್ದಾರೆ, ಇನ್ಶೂರೆನ್ಸ್ ನಡೀತಿದೆ. ಆಪ್ ಸುಳ್ಳು ಹೇಳಿಲ್ಲ. ಆದರೆ ನಿಮ್ಮ ಮುಂದೆ ನಿಂತಿರುವ ಗಾಡಿ ಅದೇನಾ? ಆಪ್‌ಗೆ ಅದು ಕಾಣೋದಿಲ್ಲ. ಕದ್ದ ಬಿಳಿ ಸ್ವಿಫ್ಟ್ ಒಂದಕ್ಕೆ ಬೇರೆ ಯಾರದೋ ಬಿಳಿ ಸ್ವಿಫ್ಟಿನ ನಂಬರ್ ಹಾಕಿ, ಅದೇ ವಿವರದ ಕಾರ್ಡ್ ಪ್ರಿಂಟ್ ಮಾಡಿಸಿದರೆ ಆಪ್‌ನಲ್ಲಿ ಎಲ್ಲ ಹಸಿರೇ ಕಾಣುತ್ತೆ. ಓನರ್ ಹೆಸರು ಆಪ್‌ನಲ್ಲಿ ಪೂರ್ತಿ ಬರೋದಿಲ್ಲ, ನಡುವೆ ಚುಕ್ಕಿ ಇರುತ್ತವೆ. ಗಾಡಿಯ ಕಬ್ಬಿಣದ ಮೇಲೆ ಕಂಪನಿ ಹೊಡೆದ ಚಾಸಿಸ್ ನಂಬರಿನ ಕೊನೆಯ ಅಂಕಿಗಳೂ ಮುಚ್ಚಿರುತ್ತವೆ. ನೋಡಲೇಬೇಕಾದ ಎರಡು ಸಂಗತಿ ಅಲ್ಲಿ ಅರ್ಧಕ್ಕೆ ನಿಲ್ಲುತ್ತವೆ.

ಹಾಗಾಗಿ ಮೂರನ್ನು ಒಂದಕ್ಕೊಂದು ಕೂಡಿಸಿ ನೋಡಬೇಕು. ಗಾಡಿಯ ಕಬ್ಬಿಣದ ಮೇಲಿರುವ ನಂಬರ್, ಆರ್‌ಟಿಓ ರಿಜಿಸ್ಟರ್, ಮತ್ತು ದುಡ್ಡು ತಗೊಳ್ಳುವ ಮನುಷ್ಯ. ಇದಕ್ಕೆ ನಾನು ಮಾಡುವ ಒಂದು ಕೆಲಸ ಇದೆ, ಖರ್ಚಿಲ್ಲ, ಹತ್ತು ನಿಮಿಷ ಸಾಕು. ಓನರ್ ಪಕ್ಕದಲ್ಲಿ ಕೂತಿರಬೇಕು. ಗಾಡಿಯ ಚಾಸಿಸ್ ನಂಬರನ್ನು ನೀವೇ ನಿಮ್ಮ ಕಣ್ಣಿಂದ ಓದಿ, ಕೊನೆಯ ಐದು ಅಂಕಿ ಅಂಗೈ ಮೇಲೆ ಬರೆದುಕೊಳ್ಳಿ. ಆಮೇಲೆ ಪರಿವಾಹನ್ ವೆಬ್‌ಸೈಟಿನ ವಾಹನ ಸೇವೆಗಳಿಗೆ ಹೋಗಿ. ಗಾಡಿ ನಂಬರ್ ಹಾಕಿದ ಮೇಲೆ ಚಾಸಿಸ್ಸಿನ ಕೊನೆಯ ಐದು ಅಂಕಿ ಕೇಳುತ್ತೆ. ಕಾರ್ಡಿನಲ್ಲಿ ಇರೋದನ್ನಲ್ಲ, ಅಂಗೈ ಮೇಲೆ ಇರೋದನ್ನು ಹಾಕಿ. ಹೊಂದದಿದ್ದರೆ ಮುಂದಕ್ಕೆ ಬಿಡೋದಿಲ್ಲ. ಹೊಂದಿದರೆ ರಿಜಿಸ್ಟರ್‌ನಲ್ಲಿರುವ ಮೊಬೈಲಿಗೆ ಓಟಿಪಿ ಹೋಗುತ್ತೆ. ಪಕ್ಕದಲ್ಲಿ ಕೂತವರ ಫೋನ್ ಆಗ ಸದ್ದು ಮಾಡಬೇಕು. ಮಾಡಿತು ಅಂದರೆ ಕಬ್ಬಿಣ, ರಿಜಿಸ್ಟರ್, ಮನುಷ್ಯ ಮೂರೂ ಒಂದೇ ಸಲ ಕೂಡಿತು. ಅಲ್ಲಿಗೆ ನಿಲ್ಲಿಸಿ, ಯಾವ ಅರ್ಜಿಯನ್ನೂ ಕಳಿಸಬೇಡಿ. ಓಟಿಪಿ ಏನು ಅಂತ ನಿಮಗೆ ಬೇಕಾಗಿಲ್ಲ, ಬಂತಾ ಇಲ್ವಾ ಅಷ್ಟೇ ಬೇಕು. "ಅದು ಹಳೇ ನಂಬರ್, ಈಗ ಇಲ್ಲ" ಅಂದರೆ ತಪ್ಪು ತಿಳಿಯಬೇಡಿ, ಎಷ್ಟೋ ಜನಕ್ಕೆ ಹಾಗೇ ಆಗಿರುತ್ತೆ. ಮೊದಲು ಮೊಬೈಲ್ ನಂಬರ್ ಬದಲಾಯಿಸಿಕೊಂಡು ಬನ್ನಿ ಅನ್ನಿ. ನಿಜವಾದ ಓನರ್ ಅದನ್ನು ಮಾಡಿಸಿಕೊಂಡು ಬರ್ತಾರೆ.

ಚಾಸಿಸ್ ನಂಬರ್ ಎಲ್ಲಿದೆ ಅಂತ ಬ್ರೋಕರ್‌ನ ಕೇಳಬೇಡಿ. ಗಾಡಿಯ ಮ್ಯಾನುಯಲ್‌ನಲ್ಲಿ ಜಾಗ ಬರೆದಿರುತ್ತೆ. ಕೆಲವು ಗಾಡಿಗಳಲ್ಲಿ ಬಾನೆಟ್ ಒಳಗೆ ಹಿಂದಿನ ಗೋಡೆ ಮೇಲೆ, ಕೆಲವುದರಲ್ಲಿ ಮುಂದಿನ ಸೀಟಿನ ಅಡಿ ಕಾರ್ಪೆಟ್ ಎತ್ತಿದರೆ ಕಾಣುತ್ತೆ. ಒಟ್ಟು 17 ಅಕ್ಷರ, ಅಂಕಿ. ಮಾರುತಿ ಗಾಡಿ ಅಂದರೆ ಎಂಎ3 ಅಂತ, ಗುಜರಾತ್ ಫ್ಯಾಕ್ಟರಿಯದಾದರೆ ಎಂಬಿಎಚ್ ಅಂತ ಶುರುವಾಗುತ್ತೆ. ಇಂಗ್ಲಿಷಿನ ಐ, ಓ, ಕ್ಯೂ ಈ ಮೂರು ಅಕ್ಷರ ಚಾಸಿಸ್ ನಂಬರಿನಲ್ಲಿ ಇರೋದೇ ಇಲ್ಲ. ಇದ್ದರೆ ಅದು ಕಂಪನಿ ಹೊಡೆದದ್ದಲ್ಲ.

ಅದರ ಮೇಲೆ ಒಂದು ತೆಳು ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ. ಆರ್‌ಟಿಓ ಹತ್ತಿರ ಎನ್‌ಓಸಿ, ಅಂದರೆ ನಿರಾಕ್ಷೇಪಣಾ ಪತ್ರ, ಕೇಳುವ ಅರ್ಜಿಗೆ ಅಂಟಿಸುವ ಪೆನ್ಸಿಲ್ ಪ್ರಿಂಟ್ ಅಂತ ಕೇಳಿರಬಹುದು, ಅದೇ. ಕಣ್ಣಿಗೆ ಕಾಣದ್ದು ಹಾಳೆ ಮೇಲೆ ಕಾಣುತ್ತೆ. ಫ್ಯಾಕ್ಟರಿಯಲ್ಲಿ ಮೆಷಿನ್ ಹೊಡೆದ ನಂಬರ್ ಒಂದೇ ಆಳ, ಒಂದೇ ಸಾಲು. ಸುತ್ತಿಗೆ, ಪಂಚ್ ಹಿಡಿದು ಹೊಡೆದದ್ದಾದರೆ ಒಂದು ಅಂಕಿ ಆಳಕ್ಕೆ ಹೋಗಿರುತ್ತೆ, ಇನ್ನೊಂದು ಮೇಲೇ ನಿಂತಿರುತ್ತೆ, ಮತ್ತೊಂದು ವಾಲಿರುತ್ತೆ. ಉಜ್ಜಿ ಅಳಿಸಿದ ಕಡೆ ಹಳೇ ನಂಬರಿನ ನೆರಳು ಕೂಡ ಪೆನ್ಸಿಲ್‌ಗೆ ಸಿಗುತ್ತೆ. ಸುತ್ತಲಿನ ಪೇಂಟ್ ನೋಡಿ. ಬಾನೆಟ್ ಒಳಗೆಲ್ಲ ಧೂಳು ಕೂತು, ಆ ಒಂದು ಜಾಗ ಮಾತ್ರ ಹೊಸದಾಗಿ ಹೊಳೆಯುತ್ತಿದ್ದರೆ ಯಾಕೆ ಅಂತ ಕೇಳಿ. ಫ್ರಿಜ್ ಮೇಲೆ ಅಂಟಿಸುವ ಸಣ್ಣ ಮ್ಯಾಗ್ನೆಟ್ ಒಂದನ್ನು ಜೇಬಲ್ಲಿ ಇಟ್ಟುಕೊಂಡು ಹೋಗಿ. ಕಬ್ಬಿಣ ಇದ್ದ ಕಡೆ ಹಿಡಿಯುತ್ತೆ, ಪುಟ್ಟಿ ಮೆತ್ತಿದ ಕಡೆ ಜಾರುತ್ತೆ.

ಒಂದು ಘಟನೆ ಹೇಳ್ತೀನಿ, ಯಾಕಂದರೆ ಅದಾದ ಮೇಲೆ ನನ್ನ ಕೆಲಸದ ರೀತಿಯೇ ಬದಲಾಯಿತು. ಕೆಲವು ವರ್ಷದ ಹಿಂದೆ ಒಬ್ಬ ಹುಡುಗ ನನ್ನ ಹತ್ತಿರ ಬಂದ. ಆಸ್ಪತ್ರೆಯಲ್ಲಿ ಕೆಲಸ. ಅಪ್ಪನನ್ನು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಬೇಕು ಅಂತ 4 ಲಕ್ಷ 60 ಸಾವಿರಕ್ಕೆ ಬಿಳಿ ಕಾರು ತಗೊಂಡಿದ್ದ. ದುಡ್ಡು ಕೊಟ್ಟು ಎರಡು ತಿಂಗಳಾದರೂ ಟ್ರಾನ್ಸ್‌ಫರ್ ಆಗಿರಲಿಲ್ಲ. ಬ್ರೋಕರ್ ಫೋನ್ ಎತ್ತುತ್ತಿರಲಿಲ್ಲ. ಕಾಗದ ನೋಡಿದೆ, ಎಲ್ಲ ಸರಿ ಕಂಡಿತು. ಗಾಡಿ ಹತ್ತಿರ ಹೋಗಿ ಹಿಂದಿನ ಸೀಟ್ ಬೆಲ್ಟನ್ನು ಪೂರ್ತಿ ಎಳೆದೆ. ಬೆಲ್ಟಿನ ಬುಡದಲ್ಲಿ ಬಟ್ಟೆಯ ಸಣ್ಣ ಚೀಟಿ ಹೊಲಿದಿರುತ್ತಾರೆ, ಅದರಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತೆ. ಆರ್‌ಸಿ ಪ್ರಕಾರ ಗಾಡಿ 2013ರದ್ದು. ಬೆಲ್ಟ್ 2016ರದ್ದು. ಇನ್ನೊಂದು ಎಳೆದೆ. ಅದೂ 2016. ನಾಲ್ಕಕ್ಕೆ ನಾಲ್ಕೂ ಅದೇ. ಕಾರ್ಪೆಟ್ ಎತ್ತಿದರೆ ಚಾಸಿಸ್ ನಂಬರ್ ಇದ್ದ ತಗಡಿನ ಸುತ್ತ ಕಿರುಬೆರಳಿನಷ್ಟು ಅಗಲಕ್ಕೆ ವೆಲ್ಡಿಂಗ್ ಗುರುತು. ಹುಡುಗ ಏನೂ ಮಾತಾಡಲಿಲ್ಲ. ಸೀಟಿನ ಮೇಲೆ ಅವನ ಅಪ್ಪನ ಆಸ್ಪತ್ರೆ ಫೈಲು ಇತ್ತು, ಅದನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಮುಂದೆ ಪೊಲೀಸರು ಗಾಡಿಯನ್ನು ವಶಕ್ಕೆ ತಗೊಂಡರು. ದುಡ್ಡು ಅವನಿಗೆ ಇವತ್ತಿಗೂ ಬಂದಿಲ್ಲ.

ಅದು ಹೇಗೆ ಆಗಿತ್ತು ಅಂದರೆ, ಅಪಘಾತದಲ್ಲೋ ನೀರಲ್ಲೋ ಪೂರ್ತಿ ಹಾಳಾದ ಗಾಡಿಗೆ ಇನ್ಶೂರೆನ್ಸ್ ಕಂಪನಿ ಟೋಟಲ್ ಲಾಸ್ ಅಂತ ದುಡ್ಡು ಕೊಟ್ಟಿರುತ್ತೆ. ಅದರ ಗುಜರಿಯನ್ನು ಯಾರೋ ಆರ್‌ಸಿ ಸಮೇತ ಕೊಳ್ಳುತ್ತಾರೆ. ಅವರಿಗೆ ಬೇಕಿರೋದು ಗುಜರಿಯಲ್ಲ, ಆರ್‌ಸಿ ಮತ್ತು ನಂಬರ್ ಇರುವ ಆ ಗೇಣುದ್ದದ ತಗಡು. ಅದೇ ಮಾಡೆಲ್, ಅದೇ ಬಣ್ಣದ ಗಾಡಿ ಕದ್ದು, ಈ ತಗಡನ್ನು ಕತ್ತರಿಸಿ ಅದಕ್ಕೆ ಬೆಸೆಯುತ್ತಾರೆ. ಇಲ್ಲಿ ಆರ್‌ಸಿ ಅಸಲಿ, ರಿಜಿಸ್ಟರ್ ಅಸಲಿ, ಚಾಸಿಸ್ ನಂಬರ್ ಕೂಡ ಅಸಲಿ. ಗಾಡಿ ಮಾತ್ರ ಬೇರೆ. ನಾನು ಮೇಲೆ ಹೇಳಿದ ಐದು ಅಂಕಿಯ ಪರೀಕ್ಷೆಯೂ ಇಲ್ಲಿ ಪಾಸಾಗಿಬಿಡಬಹುದು. ಅದಕ್ಕೇ ಸೀಟ್ ಬೆಲ್ಟ್ ಎಳೀರಿ ಅನ್ನೋದು. ಎಂಜಿನ್ ನಂಬರ್ ಓದಿ, ಆರ್‌ಸಿಯಲ್ಲಿರುವುದಕ್ಕೆ ಹೊಂದುತ್ತಾ ನೋಡಿ. ಕಂಪನಿ ಸರ್ವಿಸ್ ಸೆಂಟರಿಗೆ ಗಾಡಿ ತಗೊಂಡು ಹೋಗಿ ಹಿಂದಿನ ಸರ್ವಿಸ್ ದಾಖಲೆ ಕೇಳಿ. ಯಾವ ವರ್ಷ ಎಷ್ಟು ಕಿಲೋಮೀಟರ್ ಓಡಿತ್ತು, ದೊಡ್ಡ ಬಾಡಿ ಕೆಲಸ ಆಗಿತ್ತಾ ಗೊತ್ತಾಗುತ್ತೆ. ಈಚಿನ ಎಷ್ಟೋ ಗಾಡಿಗಳ ಕಂಪ್ಯೂಟರ್ ಒಳಗೂ ಚಾಸಿಸ್ ನಂಬರ್ ಇರುತ್ತೆ, ಸ್ಕ್ಯಾನರ್ ಹಾಕಿದರೆ ಓದಬಹುದು. ತಗಡು ಬೆಸೆದವರು ಅದನ್ನು ಮರೆತಿರುತ್ತಾರೆ. ಹಳೇ ಇನ್ಶೂರೆನ್ಸ್ ಪಾಲಿಸಿಗಳನ್ನೂ ಕೇಳಿ ಪಡೆಯಿರಿ. ಐದು ವರ್ಷ ಕ್ಲೇಮ್ ಮಾಡದ ಗಾಡಿಗೆ ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, 50 ಪರ್ಸೆಂಟ್ ತನಕ ಏರಿರುತ್ತೆ. "ಒಂದು ಗೀರು ಬಿದ್ದಿಲ್ಲ ಸರ್" ಅಂತ ಹೇಳುವ ಗಾಡಿಯ ಪಾಲಿಸಿಯಲ್ಲಿ ಅದು ಸೊನ್ನೆ ಇದ್ದರೆ, ಯಾಕೆ ಅಂತ ಕೇಳೋದು ನಿಮ್ಮ ಹಕ್ಕು.

ನಂಬರ್ ಪ್ಲೇಟ್ ಕೂಡ ನೋಡಿ. 2019ರ ಏಪ್ರಿಲ್ 1ರಿಂದ ಬಂದ ಹೊಸ ಗಾಡಿಗಳಿಗೆಲ್ಲ ಎಚ್‌ಎಸ್‌ಆರ್‌ಪಿ, ಅಂದರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟೇ ಇರಬೇಕು. ಪ್ಲೇಟಿನ ಕೆಳಗೆ ಎಡಕ್ಕೆ ಲೇಸರ್‌ನಲ್ಲಿ ಕೊರೆದ ನಂಬರ್ ಇರುತ್ತೆ. ಮುಂದಿನ ಗಾಜಿನ ಒಳಗೆ ಒಂದು ಸ್ಟಿಕ್ಕರ್ ಇರುತ್ತೆ, ನಿಮ್ಮದು ಡೀಸೆಲ್ ಆದ್ದರಿಂದ ಅದು ಕಿತ್ತಳೆ ಬಣ್ಣದ್ದಿರಬೇಕು. ಪ್ಲೇಟ್ ಮೇಲಿನ ಲೇಸರ್ ನಂಬರ್ ಸ್ಟಿಕ್ಕರ್‌ನಲ್ಲೂ ಇದೆಯಾ ನೋಡಿ. ಸ್ಟಿಕ್ಕರ್ ಕಿತ್ತರೆ ಹರಿದುಹೋಗುವಂತೆ ಮಾಡಿರುತ್ತಾರೆ, ಹಾಗಾಗಿ ಬೇರೆ ಗಾಡಿಯದನ್ನು ತಂದು ಅಂಟಿಸೋದು ಕಷ್ಟ.

ಇನ್ನು ರಿಜಿಸ್ಟರ್. ನಮ್ಮಲ್ಲಿ ಬಿ ಎಕ್ಸ್‌ಟ್ರಾಕ್ಟ್ ಅಂತಾರೆ. ಆರ್‌ಟಿಓ ಇಟ್ಟುಕೊಂಡಿರುವ ರಿಜಿಸ್ಟರಿನ ಪ್ರತಿ ಅದು, ಅಪಘಾತದ ಕೇಸುಗಳಲ್ಲಿ ಕೋರ್ಟಿಗೆ ಹಾಕೋದೂ ಅದನ್ನೇ. ಗಾಡಿಗೆ ಇದೇ ಪಹಣಿ. ಓನರ್ ಹತ್ತಿರ ಅರ್ಜಿ ಹಾಕಿಸಿ ತೆಗೆಸಿ, ದೊಡ್ಡ ಖರ್ಚಲ್ಲ. ಕೆಎ-05 ಅಂದರೆ ಜಯನಗರದ ಆರ್‌ಟಿಓ. ಕೈಗೆ ಬಂದ ಮೇಲೆ ಮೊದಲು ಎರಡು ತಾರೀಖು ನೋಡಿ, ಗಾಡಿ ತಯಾರಾದದ್ದು ಮತ್ತು ರಿಜಿಸ್ಟರ್ ಆದದ್ದು. ತಯಾರಾಗಿ ವರ್ಷಗಳಾದ ಮೇಲೆ ಕೆಎ ನಂಬರ್ ಬಂದಿದ್ದರೆ ಅದು ಹೊರರಾಜ್ಯದಿಂದ ಬಂದ ಗಾಡಿ ಆಗಿರಬಹುದು. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ಹಸಿರು ನ್ಯಾಯಮಂಡಳಿ ನಿಷೇಧ ತಂದು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಜಾರಿ ಮಾಡಿ ಅಂದಮೇಲೆ ಅಲ್ಲಿನ ಗಾಡಿಗಳು ಕಡಿಮೆ ಬೆಲೆಗೆ ದಕ್ಷಿಣಕ್ಕೆ ಬರುವುದು ಜಾಸ್ತಿಯಾಯಿತು. ಹೊರರಾಜ್ಯದ ಗಾಡಿ ಅಂದಾಕ್ಷಣ ಕಳ್ಳಗಾಡಿ ಅಲ್ಲ. ಆದರೆ ಆ ಆರ್‌ಟಿಓ ಕೊಟ್ಟ ಎನ್‌ಓಸಿ, ಅಂದರೆ ಫಾರಂ 28, ಅಸಲಿಯಾ ಅಂತ ಅಲ್ಲಿಂದಲೇ ಖಾತ್ರಿಯಾಗಬೇಕು. ನೀವೇ ಹೊರರಾಜ್ಯದ ನಂಬರಿನ ಗಾಡಿ ಕೊಂಡರೆ ಇಲ್ಲಿನ ಲೈಫ್ ಟ್ಯಾಕ್ಸ್ ಬೇರೆ ಕಟ್ಟಬೇಕು. ಕಡಿಮೆ ಬೆಲೆಯ ಲಾಭ ಅಲ್ಲೇ ಕರಗುತ್ತೆ.

ಎಕ್ಸ್‌ಟ್ರಾಕ್ಟ್‌ನಲ್ಲಿ ಮುಂದೆ ನೋಡಬೇಕಾದ್ದು ಎಚ್‌ಪಿ, ಅಂದರೆ ಬ್ಯಾಂಕಿನ ಸಾಲದ ನಮೂದು. ಸಾಲ ತೀರಿದೆ ಅಂತ ಬಾಯಲ್ಲಿ ಹೇಳಿದರೆ ಸಾಲದು. ಬ್ಯಾಂಕಿನ ಎನ್‌ಓಸಿ ಮತ್ತು ಸಹಿ, ಸೀಲು ಇರುವ ಫಾರಂ 35 ಬೇಕು. ಬ್ಯಾಂಕಿನ ಲೆಟರ್‌ಹೆಡ್ ಕಂಪ್ಯೂಟರಲ್ಲಿ ಯಾರು ಬೇಕಾದರೂ ಮಾಡಬಹುದು, ಆದ್ದರಿಂದ ಆ ಕಾಗದದ ಮೇಲಿರುವ ಫೋನ್ ನಂಬರಿಗೆ ಕರೆ ಮಾಡಬೇಡಿ. ಬ್ರಾಂಚಿಗೆ ಓನರ್ ಜೊತೆ ಹೋಗಿ. ನನ್ನನ್ನು ಕೇಳಿದರೆ, ರಿಜಿಸ್ಟರ್‌ನಿಂದ ಎಚ್‌ಪಿ ತೆಗೆಸಿಕೊಂಡು ಬನ್ನಿ, ಆಮೇಲೆ ವ್ಯಾಪಾರ ಅನ್ನೋದೇ ಒಳ್ಳೇದು. ಆರ್‌ಸಿ ಡೂಪ್ಲಿಕೇಟ್ ಅಂತ ಇದ್ದರೂ ವಿಚಾರಿಸಿ. ಕಳೆದುಹೋಗೋದು ಸಹಜ. ಆದರೆ ಮೂಲ ಆರ್‌ಸಿಯನ್ನು ಕೈಸಾಲಕ್ಕೆ ಅಡ ಇಟ್ಟು, ಕಳೆದುಹೋಯಿತು ಅಂತ ಕಂಪ್ಲೇಂಟ್ ಕೊಟ್ಟು ಇನ್ನೊಂದು ಮಾಡಿಸಿ ಮಾರುವವರೂ ಇದ್ದಾರೆ. ಆಮೇಲೆ ಸಾಲ ಕೊಟ್ಟವನು ಬಂದು ನಿಲ್ಲೋದು ನಿಮ್ಮ ಮನೆ ಬಾಗಿಲಿಗೆ. ಗಾಡಿ ಕಳುವಿನ ಪಟ್ಟಿಯಲ್ಲಿ ಇದೆಯಾ ಅಂತಲೂ ನೋಡಬಹುದು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ಡಿಜಿಟಲ್ ಪೊಲೀಸ್ ಪೋರ್ಟಲ್‌ನಲ್ಲಿ ನಂಬರ್, ಚಾಸಿಸ್, ಎಂಜಿನ್ ನಂಬರ್ ಹಾಕಿದರೆ ಹೇಳುತ್ತೆ. ಇಲ್ಲೂ ಕಬ್ಬಿಣದಿಂದ ಓದಿದ ನಂಬರನ್ನೇ ಹಾಕಿ.

ದುಬೈ ಓನರ್ ವಿಷಯಕ್ಕೆ ಬರ್ತೀನಿ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಇದೇ. ಖಾಲಿ ಫಾರಂಗೆ ಹಾಕಿದ ಸಹಿ ಯಾರದು ಅಂತ ನಿಮಗೆ ಗೊತ್ತಿಲ್ಲ, ಆರ್‌ಟಿಓದವರು ತಾಳೆ ನೋಡುವ ತನಕ ಯಾರಿಗೂ ಗೊತ್ತಾಗೋದಿಲ್ಲ. ಇನ್ನೂ ಒಂದು ಯೋಚನೆ ಮಾಡಿ. ರಿಜಿಸ್ಟರ್‌ನಲ್ಲಿ ಯಾರ ಹೆಸರು ಇದೆಯೋ ಅವರೇ ಮಾಲೀಕರು, ಗಾಡಿ ಎಷ್ಟು ಕೈ ಬದಲಾಗಿದ್ದರೂ ಅಪಘಾತದ ಪರಿಹಾರ ಅವರ ಮೇಲೇ ಬರುತ್ತೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಿರುವಾಗ ತಿಳಿದ ಓನರ್ ಒಬ್ಬರು ಖಾಲಿ ಹಾಳೆಗೆ ಸಹಿ ಹಾಕಿ, ಗಾಡಿ ಬಿಟ್ಟು, ವಿದೇಶಕ್ಕೆ ಹೋಗಿ ನೆಮ್ಮದಿಯಾಗಿ ಇರ್ತಾರಾ? ಹೆಸರು ಬದಲಾವಣೆ ನಿಮಗಿಂತ ಅವರಿಗೆ ಜಾಸ್ತಿ ಬೇಕು. ನಿಜವಾಗಿ ದುಬೈನಲ್ಲಿ ಇದ್ದರೆ ವಿಡಿಯೋ ಕಾಲ್‌ನಲ್ಲಿ ಬರಲಿ. ಪಾಸ್‌ಪೋರ್ಟ್, ಆಧಾರ್ ತೋರಿಸಲಿ. ಡಿಜಿಲಾಕರ್ ತೆರೆದು ಅದರೊಳಗಿನ ಆರ್‌ಸಿ ತೋರಿಸಲಿ. ಆಮೇಲೆ ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿದ ಪವರ್ ಆಫ್ ಅಟಾರ್ನಿಯನ್ನು ಇಲ್ಲಿರುವ ಅಣ್ಣನಿಗೋ ಹೆಂಡತಿಗೋ ಕಳಿಸಲಿ. ಪವರ್ ಬಂದವರು ಓನರ್ ಆಗೋದಿಲ್ಲ, ಓನರ್ ಪರವಾಗಿ ಸಹಿ ಹಾಕ್ತಾರೆ ಅಷ್ಟೇ, ಇದು ನೆನಪಿರಲಿ. ಬ್ರೋಕರ್ ಹತ್ತಿರ ಒಂದು ಪ್ರಶ್ನೆ ಕೇಳಿ. 2023ರ ಏಪ್ರಿಲ್ 1ರಿಂದ ಹಳೇ ಗಾಡಿ ಡೀಲರ್‌ಗಳಿಗೆ ಆರ್‌ಟಿಓ ಅಧಿಕಾರ ಪತ್ರ ಬೇಕು, ಓನರ್ ಗಾಡಿಯನ್ನು ಡೀಲರ್ ಕೈಗೆ ಕೊಟ್ಟದ್ದನ್ನು ಫಾರಂ 29ಸಿ ಮೂಲಕ ಪೋರ್ಟಲ್‌ನಲ್ಲಿ ತಿಳಿಸಬೇಕು. "ನಿಮ್ಮ ಅಧಿಕಾರ ಪತ್ರ ಮತ್ತು ಈ ಗಾಡಿಯ 29ಸಿ ತೋರಿಸಿ" ಅನ್ನಿ. ಅದಿಲ್ಲದೆ ವ್ಯಾಪಾರ ಮಾಡುವವರು ಇನ್ನೂ ಇದ್ದಾರೆ. ಹಾಗಿದ್ದರೆ ಅವರ ಜೊತೆ ದುಡ್ಡಿನ ಮಾತೇ ಬೇಡ, ಓನರ್ ಜೊತೆಗೇ ಆಗಲಿ.

ಎಲ್ಲ ಸರಿ ಬಂತು ಅಂತಿಟ್ಟುಕೊಳ್ಳಿ. ದುಡ್ಡು ಆರ್‌ಸಿಯಲ್ಲಿರುವ ಹೆಸರಿನ ಬ್ಯಾಂಕ್ ಖಾತೆಗೇ ಹೋಗಬೇಕು. ಬ್ರೋಕರ್ ಖಾತೆಗೆ ಬೇಡ, "ನನ್ನ ತಮ್ಮನ ಯುಪಿಐಗೆ ಹಾಕಿ" ಅಂದರೂ ಬೇಡ. ಎರಡು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳೋದಕ್ಕೆ ಆದಾಯ ತೆರಿಗೆ ಕಾನೂನೇ ಬಿಡೋದಿಲ್ಲ, ನಗದೇ ಬೇಕು ಅಂತ ಹಟ ಹಿಡಿಯುವವರಿಗೆ ಇದನ್ನೇ ಹೇಳಿ. ಸಣ್ಣ ಟೋಕನ್ ಕೊಟ್ಟು ಕಾಗದ ಮಾಡಿಕೊಳ್ಳಿ. ಟ್ರಾನ್ಸ್‌ಫರ್ ಅರ್ಜಿ ಹೋಗಿ ಅದರ ನಂಬರ್ ಕೈಗೆ ಬಂದ ಮೇಲೆ ದೊಡ್ಡ ಮೊತ್ತ ಕೊಡಿ. ಆ ಅರ್ಜಿ ನಂಬರನ್ನು ಪೋರ್ಟಲ್‌ನಲ್ಲಿ ನೀವೇ ಹಾಕಿ ನೋಡಿ. ಬ್ರೋಕರ್ ಕಳಿಸಿದ ರಸೀದಿಯ ಫೋಟೋ ನಂಬಬೇಡಿ. ಸ್ವಲ್ಪ ಹಣವನ್ನು ಹೊಸ ಆರ್‌ಸಿ ಬರುವ ತನಕ ಉಳಿಸಿಕೊಳ್ಳಿ. ಗಾಡಿ ತಗೊಂಡ ದಿನ ಡೆಲಿವರಿ ನೋಟ್‌ನಲ್ಲಿ ತಾರೀಖಿನ ಜೊತೆ ಗಂಟೆ, ನಿಮಿಷವನ್ನೂ ಬರೆಯಿರಿ. ಬೆಳಗ್ಗೆ ಅವರ ಕೈಯಲ್ಲಿದ್ದಾಗ ಬಿದ್ದ ಟ್ರಾಫಿಕ್ ದಂಡ ಯಾರದು ಅಂತ ಆಮೇಲೆ ಜಗಳ ಬೇಡ. ಕಾನೂನಿನ ಪ್ರಕಾರ ಒಂದೇ ರಾಜ್ಯದೊಳಗಾದರೆ ಮಾರಿದವರು 14 ದಿನದಲ್ಲಿ ತಿಳಿಸಬೇಕು, ಕೊಂಡವರಿಗೆ 30 ದಿನ ಇದೆ. ಇನ್ಶೂರೆನ್ಸ್ ವರ್ಗಾವಣೆಗೆ 14 ದಿನ. ಅದನ್ನು ಮಾಡಿಸದಿದ್ದರೆ ನಿಮ್ಮ ಗಾಡಿಗೆ ಆದ ನಷ್ಟ ಕಂಪನಿಯಿಂದ ಸಿಗೋದು ಕಷ್ಟ.

"ನಾನು ಒಳ್ಳೇ ಮನಸ್ಸಿಂದ ದುಡ್ಡು ಕೊಟ್ಟು ಕೊಂಡಿದ್ದೇನೆ, ಗಾಡಿ ನನ್ನದಲ್ವಾ" ಅಂತ ಆ ಹುಡುಗ ಕೇಳಿದ್ದ. ಅಲ್ಲ. ಮಾರಿದವನಿಗೇ ಇಲ್ಲದ ಒಡೆತನ ಕೊಂಡವನಿಗೆ ಬರೋದಿಲ್ಲ, ಸರಕು ಮಾರಾಟದ 1930ರ ಕಾಯ್ದೆ 27ನೇ ಕಲಂನಲ್ಲೇ ಇದು ಇದೆ. ಕದ್ದ ಗಾಡಿ ಮೂಲ ಮಾಲೀಕನಿಗೋ ಅವನಿಗೆ ದುಡ್ಡು ಕೊಟ್ಟ ಇನ್ಶೂರೆನ್ಸ್ ಕಂಪನಿಗೋ ಹೋಗುತ್ತೆ. ನಿಮಗೆ ಉಳಿಯೋದು ಮಾರಿದವನ ಮೇಲಿನ ಮೋಸದ ಕೇಸು. ಅಕಸ್ಮಾತ್ ಕೊಂಡ ಮೇಲೆ ಅನುಮಾನ ಬಂದರೆ, ಕಡಿಮೆಗೆ ಆದರೂ ಹೋಗಲಿ ಅಂತ ಇನ್ನೊಬ್ಬರಿಗೆ ದಾಟಿಸಬೇಡಿ. ಅಲ್ಲಿಯ ತನಕ ಮೋಸ ಹೋದವರು ನೀವು, ದಾಟಿಸಿದ ಮೇಲೆ ಆರೋಪಿ. ಸೀದಾ ಸ್ಟೇಷನ್‌ಗೆ ಹೋಗಿ ದೂರು ಕೊಡಿ, ಹಣ ಕಳಿಸಿದ ದಾಖಲೆ, ವಾಟ್ಸಾಪ್ ಮಾತು ಎಲ್ಲ ತೆಗೆದಿಡಿ.

ಈಗ ಬ್ರೋಕರ್‌ಗೆ ಫೋನ್ ಮಾಡಿ, ಓನರ್ ಜೊತೆ ವಿಡಿಯೋ ಕಾಲ್ ಬೇಕು, ಭಾನುವಾರ ಗಾಡಿಯನ್ನು ಇನ್ನೊಂದು ಸಲ ಬೆಳಕಿದ್ದಾಗ ನೋಡಬೇಕು ಅಂತ ಹೇಳಿ. ಒಪ್ಪಿದರೆ ಪೆನ್ಸಿಲ್, ತೆಳು ಹಾಳೆ, ಟಾರ್ಚ್, ಮ್ಯಾಗ್ನೆಟ್ ತಗೊಂಡು ಹೋಗಿ, ಜೊತೆಗೆ ಗೊತ್ತಿರುವ ಮೆಕ್ಯಾನಿಕ್ ಒಬ್ಬರು ಇರಲಿ. ಪೆನ್ಸಿಲ್ ಪ್ರಿಂಟ್ ಮತ್ತು ಐದೂ ಸೀಟ್ ಬೆಲ್ಟಿನ ಚೀಟಿಗಳ ಫೋಟೋ ತೆಗೆದು ನನಗೆ ಕಳಿಸಿ, ನೋಡಿ ಹೇಳ್ತೀನಿ.